ಬದಿಪಟ್ಟಿಯ ವಿಚಾರ

ಒಂದು ಗ್ರಂಥವನ್ನು ಆದಿಯಿಂದ ಅಂತ್ಯದವರೆಗೆ ಓದುವವನಿಗೆ ವಿಷಯಾನುಕ್ರಮಣಿಕೆಯ ಆವಶ್ಯಕತೆ ಅಷ್ಟಾಗಿ ಕಾಣದು. ನಡುವೆ ಎಲ್ಲಿಯೋ ಒಂದು ಕಡೆ ತೆರೆದು, ತನಗೆ ಬೇಕಾದುದನ್ನು ಮಾತ್ರ ನೋಡಿಕೊಂಡು, ಮುಚ್ಚಿಟ್ಟು ತನ್ನ ಕೆಲಸಕ್ಕೆ ಹೋಗುವವನಿಗೆ ಅದು ಕಣ್ಣಿದ್ದಂತೆ. ಕಾವ್ಯನಾಟಕಗಳನ್ನು ನಾವು ಮೊದಲನೆಯ ರೀತಿಯಲ್ಲಿ ಓದುತ್ತೇವೆ. ಪಂಚಾಂಗ, ನಿಘಂಟು, ವೈದ್ಯಗ್ರಂಥ ಇವುಗಳನ್ನು ಎರಡನೆಯ ರೀತಿಯಲ್ಲಿ. ಈ ಎರಡನೆಯ ಜಾತಿಗೆ ಸೇರಿದ ಹೊಸ ಬಗೆಯ ಗ್ರಂಥವೊಂದು ಈಗ ಮನೆಮನೆಯನ್ನೂ ಹೊಕ್ಕಿದೆ. ಗಣಕಯಂತ್ರದ ತಂತ್ರಾಂಶಗಳನ್ನು ಉಪಯೋಗಿಸುವ ಕ್ರಮವನ್ನು ವಿವರಿಸುವ ಜಾಲತಾಣಗಳೇ ಅವು. ಅಂಥ ತಾಣವನ್ನು ತೆರೆದರೆ ನಡುವೆ ಬರಹವೂ ಎಡಗಡೆ ಉದ್ದಕ್ಕೆ ಇಳಿದ ಶೀರ್ಷಿಕೆಗಳ ಒಂದು ಸಾಲೂ ಕಾಣುತ್ತವೆ. ಆ ಸಾಲನ್ನು ಬಲ್ಲವರು ಸೈಡ್‌ಬಾರ್ ಎನ್ನುತ್ತಾರೆ. ನಾನು ಬದಿಪಟ್ಟಿ ಎಂದು ಕರೆದುಕೊಂಡಿದ್ದೇನೆ. ಅದು ಹೇಗಿರಬೇಕೆಂಬ ವಿಷಯದಲ್ಲಿ ಕೆಲವು ತಿಂಗಳುಗಳಿಂದ ನನ್ನ ಮನಸ್ಸು ತೊಡಗಿದೆ. ಇಷ್ಟು ಸಣ್ಣ ವಸ್ತುವಿನ ಮೇಲೆ ಒಂದು ಲೇಖನವೇ ಎಂದು ವಾಚಕರು ನಗಬಹುದು. ನಗಲಿ. ಮನೆಯ ಹೊಸ್ತಿಲೂ ಸಣ್ಣ ವಸ್ತುವೇ. ಅದನ್ನು ಎರಡಂಗುಲ ಎತ್ತರಿಸಿ ನೋಡಿದರೆ ಎಡವದೆ ಒಳಗೆ ಬರುವವರು ಎಷ್ಟು ಮಂದಿ ಎಂಬುದು ತಿಳಿದೀತು.

ನಮ್ಮ ಸಂಘದ ಪುಸ್ತಕಭಂಡಾರವನ್ನು ಕಂಡವರಿಗೆ ಅದರ ಸ್ಥಿತಿಯನ್ನು ನಾನು ವರ್ಣಿಸಬೇಕಾದುದಿಲ್ಲ. ಕೆಲವು ಸಾವಿರ ಪುಸ್ತಕಗಳು, ಅವುಗಳಲ್ಲಿ ಬಹುಭಾಗ ದಾನವಾಗಿ ಬಂದವು. ಮೂರು ಕಾಲಗಳಲ್ಲಿ ಮೂವರು ಬರೆದ ಮೂರು ರಿಜಿಸ್ಟರುಗಳು. ಒಂದಕ್ಕೊಂದು ಸಂಬಂಧವಿಲ್ಲದ ಸಂಖ್ಯೆಗಳು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದು ನಿಜವಾಗಿ ಬರೆದಿದ್ದುದು ನಮ್ಮ ಹಿರಿಯ ಗ್ರಂಥಪಾಲಕರ ಮನಸ್ಸಿನಲ್ಲಿ. ಹೆಸರು ಹೇಳಿದರೆ ಸಾಕು, ಎದ್ದು ಹೋಗಿ ಕೈಯಿಟ್ಟು ತೆಗೆದುಕೊಡುತ್ತಿದ್ದರು. ಎರಡು ವರ್ಷಗಳಿಂದ ಅವರ ದೃಷ್ಟಿ ಕುಂದುತ್ತ ಬಂದು ಈಗ ಅಕ್ಷರ ಕಾಣದಂತಾಗಿದೆ. ಅವರ ಜ್ಞಾಪಕ ಗಟ್ಟಿಯಾಗಿರುವಾಗಲೇ ಅದನ್ನು ಬರಹಕ್ಕೆ ತರಬೇಕೆಂಬ ಆತುರದಿಂದ, ಉಚಿತವಾಗಿ ದೊರೆಯುವ ಗ್ರಂಥಾಲಯ ತಂತ್ರಾಂಶವೊಂದನ್ನು ಸಂಘದವರು ಗಣಕಕ್ಕೆ ಹಾಕಿಸಿದರು. ಐದಾರು ಮಂದಿ ಗೃಹಿಣಿಯರೂ ಇಬ್ಬರು ಕಾಲೇಜು ವಿದ್ಯಾರ್ಥಿಗಳೂ ಭಾನುವಾರಗಳಂದು ಬಂದು ಪುಸ್ತಕಗಳ ವಿವರವನ್ನು ಅದರಲ್ಲಿ ತುಂಬಲು ಒಪ್ಪಿದರು. ಗ್ರಂಥಪಾಲಕರು ಬೆತ್ತದ ಕುರ್ಚಿಯಲ್ಲಿ ಕುಳಿತು ಹೇಳುವುದು, ಇವರು ಬರೆದುಕೊಳ್ಳುವುದು. ಮೇಲುಸ್ತುವಾರಿ ನನ್ನ ಪಾಲಿಗೆ ಬಂದಿತು.

ಬಂದವರಲ್ಲಿ ಒಬ್ಬಾಕೆ ನನ್ನ ಹಳೆಯ ಶಿಷ್ಯೆ. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ಬಳಿ ಸಂಸ್ಕೃತ ಓದಿದವಳು. ಶಬ್ದರೂಪಗಳನ್ನು ತಡವರಿಸದೆ ಒಪ್ಪಿಸುತ್ತಿದ್ದ ಹುಡುಗಿ. ಮೂರನೆಯ ಭಾನುವಾರ ಆಕೆ ಒಂದೇ ಗ್ರಂಥಮಾಲೆಯ ಹನ್ನೆರಡು ಸಂಪುಟಗಳಿಗೆ ಸಂಪಾದಕರ ಹೆಸರನ್ನು ಗ್ರಂಥಕರ್ತರ ಸ್ಥಾನದಲ್ಲಿ ಬರೆದುಬಿಟ್ಟಳು. ತಿದ್ದುವ ಬಗೆ ತಿಳಿಯಲು ಆ ತಂತ್ರಾಂಶದ ವಿವರಣೆಯ ತಾಣವನ್ನು ತೆರೆದು ಮುಕ್ಕಾಲು ಗಂಟೆ ಹುಡುಕಿದಳು. ದೊರೆಯಲಿಲ್ಲ. ಸಂಜೆ ಚೀಲವನ್ನು ಹೆಗಲಿಗೇರಿಸಿಕೊಂಡು, “ಇದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ, ಮೇಷ್ಟ್ರೇ. ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸವಿದ್ದರೆ ಹೇಳಿ ಕಳುಹಿಸಿ, ಬರುತ್ತೇನೆ” ಎಂದು ಹೇಳಿ ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೆ ಇನ್ನಿಬ್ಬರೂ ಬರಲಿಲ್ಲ.

ಆ ಮಾತನ್ನು ನಾನು ಮೂವತ್ತನಾಲ್ಕು ವರ್ಷಗಳ ಅಧ್ಯಾಪನದಲ್ಲಿ ನೂರಾರು ಬಾಯಿಗಳಿಂದ ಕೇಳಿದ್ದೇನೆ. ತಲೆಗೆ ಹತ್ತದು ಎಂದವರಲ್ಲಿ ನಿಜವಾಗಿ ತಲೆಯ ಕೊರತೆ ಇದ್ದವರು ಬೆರಳೆಣಿಕೆಯಷ್ಟು. ಉಳಿದವರಿಗೆ ಪುಸ್ತಕ ದಾರಿ ತೋರಿರಲಿಲ್ಲ, ಅಷ್ಟೆ. ವಿಚಿತ್ರವೇನೆಂದರೆ, ದಾರಿ ತೋರದ ಪುಸ್ತಕವನ್ನು ಯಾರೂ ಬೈಯುವುದಿಲ್ಲ. ತಮ್ಮನ್ನೇ ಹಳಿದುಕೊಂಡು ಸುಮ್ಮನಾಗುತ್ತಾರೆ. ಹೆಂಗಸರಲ್ಲಿಯೂ ಹಳ್ಳಿಯಿಂದ ಬಂದವರಲ್ಲಿಯೂ ಇದು ಇನ್ನೂ ಹೆಚ್ಚು. ಆದುದರಿಂದ ಆ ರಾತ್ರಿಯೇ ನಾನು ಆ ತಾಣವನ್ನು ತೆರೆದು ಕುಳಿತೆನು.

ಬದಿಪಟ್ಟಿಯಲ್ಲಿ ಶೀರ್ಷಿಕೆಗಳೇನೋ ಧಾರಾಳವಾಗಿದ್ದವು. ಅಡ್ಮಿನಿಸ್ಟ್ರೇಷನ್, ಟೂಲ್ಸ್, ಕಾನ್ಫಿಗರೇಷನ್, ಯುಟಿಲಿಟೀಸ್ ಎಂಬಿವು ದೊಡ್ಡ ವಿಭಾಗಗಳು. ಇವುಗಳ ಒಳಗೆ ಒಂದರ ಹೊಟ್ಟೆಯಲ್ಲಿ ಒಂದರಂತೆ ಐದು ಹಂತಗಳವರೆಗೆ ಉಪವಿಭಾಗಗಳು. ತಪ್ಪಾಗಿ ಬರೆದ ಹೆಸರನ್ನು ಹಲವು ಪುಸ್ತಕಗಳಲ್ಲಿ ಒಟ್ಟಿಗೆ ತಿದ್ದುವ ಕ್ರಮ ಟೂಲ್ಸ್ ಎಂಬುದರ ಕೆಳಗೆ, ಬ್ಯಾಚ್ ಎಂಬುದರ ಒಳಗೆ ಅಡಗಿತ್ತು. ತಂತ್ರಾಂಶವನ್ನು ಕಟ್ಟಿದವರಿಗೆ ಅದು ಉಪಕರಣ, ಸರಿ. ತಿದ್ದಬೇಕೆಂದು ಬಂದವಳಿಗೆ ಅದು ತಪ್ಪು. ತಪ್ಪು ಮಾಡಿದವರು ‘ತಪ್ಪು’ ಎಂಬ ಮಾತನ್ನೇ ಹುಡುಕುತ್ತಾರೆ, ಆ ಪಟ್ಟಿಯಲ್ಲಿ ಅಂಥ ಮಾತೇ ಇರಲಿಲ್ಲ. ಇದೊಂದೇ ಅಲ್ಲ. ಬಹಳ ಕೆಳಗಿದ್ದ ಶೀರ್ಷಿಕೆಯೊಂದನ್ನು ಒತ್ತಿದರೆ ಹೊಸ ಪುಟವೇನೋ ಬರುವುದು, ಆದರೆ ಪಟ್ಟಿ ಥಟ್ಟನೆ ನೆಗೆದು ಮೇಲಿನ ಮೊದಲ ಸಾಲಿಗೆ ಹೋಗಿ ನಿಲ್ಲುವುದು. ಪಕ್ಕದ ಶೀರ್ಷಿಕೆಯನ್ನು ನೋಡೋಣವೆಂದರೆ ಪುನಃ ಅಷ್ಟು ದೂರವೂ ಇಳಿಯಬೇಕು. ಈಗ ಓದುತ್ತಿರುವ ಪುಟ ಯಾವುದೆಂಬುದಕ್ಕೆ ಗುರುತು ಎಂದರೆ ಆ ಸಾಲಿನ ಹಿಂದೆ ತೀರ ತೆಳುವಾದ ಬೂದುಬಣ್ಣ. ಅದು ನನ್ನ ಕನ್ನಡಕಕ್ಕೆ ನಿಲುಕದು. ವಿಭಾಗದ ಹೆಸರನ್ನು ಒತ್ತಿದರೆ ಒಂದು ಕಡೆ ಪುಟ ತೆರೆಯುತ್ತಿತ್ತು, ಇನ್ನೊಂದು ಕಡೆ ಒಳಪಟ್ಟಿ ಬಿಚ್ಚಿಕೊಳ್ಳುತ್ತಿತ್ತು, ಮತ್ತೊಂದು ಕಡೆ ಎರಡೂ ಆಗುತ್ತಿದ್ದವು. ಯಾವುದು ಯಾವಾಗ ಎಂಬುದಕ್ಕೆ ನಿಯಮ ಕಾಣಲಿಲ್ಲ.

ಇದನ್ನು ನೋಡುತ್ತಿರುವಾಗ ನನಗೆ ಪಾಠಶಾಲೆಯ ದಿನಗಳು ನೆನಪಾದವು. ಪಾಣಿನಿಯ ಅಷ್ಟಾಧ್ಯಾಯಿ ಎಂಟು ಅಧ್ಯಾಯಗಳ, ಮೂವತ್ತೆರಡು ಪಾದಗಳ, ಸುಮಾರು 4000 ಸೂತ್ರಗಳ ಗ್ರಂಥವೆಂಬುದು ವಾಚಕರಿಗೆ ತಿಳಿದೇ ಇದೆ. ಅದರ ಲಾಘವಕ್ಕೆ ಮೂಲ ಅಧಿಕಾರ ಮತ್ತು ಅನುವೃತ್ತಿಗಳು. ಮೂರನೆಯ ಅಧ್ಯಾಯದ ಮೊದಲ ಸೂತ್ರ, ಇಲ್ಲಿಂದ ಮುಂದೆ ಹೇಳುವುದೆಲ್ಲ ಪ್ರತ್ಯಯವೆಂದು ಒಮ್ಮೆ ಸಾರಿಬಿಡುತ್ತದೆ. ಆ ಒಂದು ಮಾತಿನ ಆಳ್ವಿಕೆ ಐದನೆಯ ಅಧ್ಯಾಯದ ಕೊನೆಯವರೆಗೂ ನಡೆಯುತ್ತದೆ. ಆರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಆರಂಭವಾಗುವ ಅಂಗಾಧಿಕಾರ ಏಳನೆಯ ಅಧ್ಯಾಯವನ್ನು ಪೂರ್ತಿಯಾಗಿ ಆಳುತ್ತದೆ. ಗ್ರಂಥವನ್ನು ಮೊದಲಿನಿಂದ ಕಂಠಸ್ಥ ಮಾಡಿದವನಿಗೆ ಇದರಿಂದ ತೊಡಕಿಲ್ಲ. ಯಾವ ಸೂತ್ರ ಯಾವ ಅಧಿಕಾರದ ಕೆಳಗಿದೆಯೆಂಬುದು ಅವನ ಕಿವಿಯಲ್ಲೇ ಇರುತ್ತದೆ. ಆದರೆ ಗ್ರಂಥದ ಮಧ್ಯದಲ್ಲಿ ಒಂದು ಸೂತ್ರವನ್ನು ತೆಗೆದು ಅದನ್ನರಿಯದವನ ಮುಂದೆ ಇಟ್ಟರೆ, ಎರಡು ಪದಗಳ ಆ ವಾಕ್ಯ ಅವನಿಗೆ ಏನನ್ನೂ ಹೇಳದು. ತಲೆಬರಹ ನೂರಾರು ಸೂತ್ರಗಳ ಹಿಂದೆ ಉಳಿದಿದೆ.

ಜಾಲತಾಣಕ್ಕೆ ಬರುವವನ ಸ್ಥಿತಿ ಇದೇ. ಮೊದಲ ಪುಟದಿಂದ ಓದಿಕೊಂಡು ಬಂದವನು ಯಾರೂ ಇಲ್ಲ. ಎಲ್ಲರೂ ಗೂಗಲ್ಲಿನ ಕಿಟಕಿಯಿಂದ ನೇರವಾಗಿ ಏಳನೆಯ ಅಧ್ಯಾಯಕ್ಕೆ ಹಾರಿದವರೇ. ಅವನಿಗೆ ಈ ಸೂತ್ರದ ಅಧಿಕಾರ ಯಾವುದೆಂದು ಪಕ್ಕದಲ್ಲಿ ನಿಂತು ಹೇಳುವ ಗುರುವಿನ ಕೆಲಸ ಬದಿಪಟ್ಟಿಯದು. ಈಗಿನ ಸಾಲು ದಪ್ಪ ಅಕ್ಷರದಲ್ಲಿರಬೇಕು, ಪಕ್ಕದಲ್ಲಿ ಒಂದು ಗೀಟು ಇರಬೇಕು, ಅದರ ಮೇಲಿನ ವಿಭಾಗ, ಅದರ ಮೇಲಿನದು, ಇವೆಲ್ಲ ತೆರೆದಿರಬೇಕು, ಪಟ್ಟಿ ತಾನಾಗಿ ಸರಿದು ಆ ಸಾಲನ್ನು ಕಣ್ಣೆದುರಿಗೆ ತಂದು ನಿಲ್ಲಿಸಬೇಕು. ಬಣ್ಣವೊಂದನ್ನೇ ನೆಚ್ಚಕೂಡದು, ಬಣ್ಣ ಕಾಣದವರು ಲೋಕದಲ್ಲಿ ಬಹಳ ಮಂದಿ.

ದಸರೆಯ ರಜೆಗೆ ನನ್ನ ತಂಗಿಯ ಮಗಳು ಬಂದಿದ್ದಳು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಇಂಥ ವಿವರಣೆಗಳನ್ನು ಬರೆಯುವುದೇ ಅವಳ ಉದ್ಯೋಗ. ನಾನು ಪಾಣಿನಿಯ ವಿಷಯವನ್ನು ಹೇಳಿದಾಗ ಅವಳು ನಕ್ಕು, “ನಮ್ಮ ಕೆಲಸವೂ ಇದೇ ಮಾವ, ನಿಮಗೆ ಹೇಗೆ ಹೇಳಬೇಕೆಂದು ತಿಳಿಯದೆ ಇಷ್ಟು ವರ್ಷ ಕಂಪ್ಯೂಟರ್ ಕೆಲಸ ಎಂದು ಹೇಳಿಕೊಂಡು ಬಂದೆ” ಎಂದಳು. ಡೇನಿಯೆಲೆ ಪ್ರೊಚೀಡ ಎಂಬವರು ಈ ವಿವರಣೆಗಳನ್ನು ನಾಲ್ಕು ಜಾತಿಗಳಾಗಿ ವಿಂಗಡಿಸಿದ್ದಾರಂತೆ. ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸವನ್ನು ಮಾಡುವ ಬಗೆ, ಬೇಕಾದಾಗ ನೋಡಿಕೊಳ್ಳುವ ಆಕರ, ಏತಕ್ಕೆ ಹೀಗೆ ಎಂಬ ವ್ಯಾಖ್ಯಾನ. ಇದಕ್ಕೆ ಅವರು ಗ್ರೀಕ್ ಮೂಲದ ಡಯಾಟಾಕ್ಸಿಸ್ ಎಂಬ ಹೆಸರನ್ನು ಕೊಟ್ಟಿದ್ದಾರೆ. ಜ್ಯಾಂಗೊ ಎಂಬ ತಂತ್ರಾಂಶದ ತಾಣ ಇಂಥದೇ ನಾಲ್ಕು ಭಾಗಗಳಲ್ಲಿ ಇದೆಯೆಂದು ತೆರೆದು ತೋರಿಸಿದಳು. ನನಗೆ ಹೊಸದೆನಿಸಲಿಲ್ಲ. ವ್ಯಾಕರಣದಲ್ಲಿ ನಮಗೆ ಈ ನಾಲ್ಕೂ ಬೇರೆಬೇರೆ ಗ್ರಂಥಗಳಾಗಿಯೇ ಬಂದಿವೆಯಲ್ಲ! ಬಾಲಕರಿಗೆ ವರದರಾಜನ ಲಘುಕೌಮುದಿ, ಒಂದು ರೂಪವನ್ನು ಸಾಧಿಸಬೇಕಾದವನಿಗೆ ಅವನ ಗುರು ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿ, ಆಕರವಾಗಿ ಅಷ್ಟಾಧ್ಯಾಯಿ, ಏತಕ್ಕೆ ಎಂದು ಕೇಳುವವನಿಗೆ ಪತಂಜಲಿಯ ಮಹಾಭಾಷ್ಯ. ದೀಕ್ಷಿತನು 17ನೆಯ ಶತಮಾನದಲ್ಲಿ ಮಾಡಿದುದು ಹೊಸ ಸೂತ್ರಗಳ ರಚನೆಯಲ್ಲ. ಇದ್ದ ಸೂತ್ರಗಳನ್ನೇ ಸಂಜ್ಞೆ, ಸಂಧಿ, ಸುಬಂತ, ಸಮಾಸ ಎಂದು ಪ್ರಕರಣಗಳಾಗಿ ಮರುಜೋಡಿಸಿದನು. ರಾಮಚಂದ್ರನ ಪ್ರಕ್ರಿಯಾಕೌಮುದಿ ಮೊದಲಾದುವು ಅವನಿಗೆ ಮುಂಚೆಯೇ ಈ ದಾರಿಯನ್ನು ತುಳಿದಿದ್ದವು. ಮೂಲಕ್ರಮ ಕೆಟ್ಟಿತೆಂದು ನೊಂದವರೂ ಉಂಟು. ದಯಾನಂದ ಸರಸ್ವತಿಗಳ ಗುರುಗಳಾದ ಮಥುರೆಯ ವಿರಜಾನಂದರು ಕೌಮುದಿಯನ್ನು ಒಪ್ಪದೆ ಅಷ್ಟಾಧ್ಯಾಯಿಯ ಕ್ರಮವನ್ನೇ ಬೋಧಿಸಿದರು. ಇಬ್ಬರ ಪಕ್ಷದಲ್ಲಿಯೂ ನ್ಯಾಯವಿದೆ. ಒಂದೇ ಪಟ್ಟಿಯಲ್ಲಿ ಎರಡನ್ನೂ ಕಲಸುವುದು ಮಾತ್ರ ಅನ್ಯಾಯ. ಋಗ್ವೇದವನ್ನು ಹತ್ತು ಮಂಡಲಗಳಾಗಿಯೂ ಎಂಟು ಅಷ್ಟಕಗಳಾಗಿಯೂ ವಿಭಾಗಿಸಿದ್ದಾರೆ. ಒಂದು ಬಹುಮಟ್ಟಿಗೆ ಋಷಿಕುಲವನ್ನು ಅನುಸರಿಸಿದ್ದು, ಇನ್ನೊಂದು ಅಧ್ಯಯನದ ಅನುಕೂಲಕ್ಕಾಗಿ ಹೆಚ್ಚುಕಡಮೆ ಸಮಭಾಗ ಮಾಡಿದ್ದು. ಮಂಡಲದ ನಡುವೆ ಅಷ್ಟಕವನ್ನು ತುರುಕಿದವರು ಯಾರೂ ಇಲ್ಲ.

ನಾವು ಮಾಡಿದ ನಿಶ್ಚಯ ಇಷ್ಟು. ಆ ತಂತ್ರಾಂಶದ ಮೂಲ ತಾಣವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಭಂಡಾರದ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕನ್ನಡದಲ್ಲಿ ಬರೆದು ಸಣ್ಣದೊಂದು ತಾಣ ಮಾಡುವುದು. ಪೈಥಾನ್ ಎಂಬ ಗಣಕಭಾಷೆಯ ವಿವರಣೆಗಾಗಿ ಗಿಯೋರ್ಗ್ ಬ್ರಾಂಡ್ಲ್ ಎಂಬವರು ಸಿದ್ಧಪಡಿಸಿ 2008ರಲ್ಲಿ ಹೊರತಂದ ಸ್ಫಿಂಕ್ಸ್ ಎಂಬ ಸಾಧನವಿದೆ. ಅದರಿಂದ ಪುಟಗಳೂ ಬದಿಪಟ್ಟಿಯೂ ತಾವಾಗಿ ಸಿದ್ಧವಾಗುತ್ತವೆ. ಬರಹ ಎರಡು ವಾರಗಳಲ್ಲಿ ಮುಗಿಯಿತು. ಪಟ್ಟಿಗೆ ಎರಡು ತಿಂಗಳು ಹಿಡಿಯಿತು.

ಮೊದಲು ಚೀಟಿಗಳ ಕೆಲಸ. ಹಳೆಯ ಕ್ಯಾಟಲಾಗಿನ ಕಾರ್ಡುಗಳ ಬೆನ್ನಮೇಲೆ ಒಂದೊಂದು ಪುಟದ ವಿಷಯವನ್ನು ಬರೆದು, ಜಗಲಿಯ ಮೇಲೆ ಹರಡಿ, ಭಾನುವಾರ ಬರುವ ಹೆಂಗಸರನ್ನು ಕರೆದು, “ನಿಮಗೆ ಯಾವುದು ಯಾವುದರ ಜೊತೆಗೆ ಇರಬೇಕೆಂದು ತೋರುತ್ತದೆಯೋ ಹಾಗೆ ಗುಂಪು ಮಾಡಿ” ಎಂದೆವು. ಯಾರಿಗೂ ಸರಿತಪ್ಪು ಹೇಳಲಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿಯೂ ಇದೇ ರೀತಿ ಮಾಡುತ್ತಾರಂತೆ. ನಾನು ‘ಸದಸ್ಯರು’, ‘ಪುಸ್ತಕಗಳು’, ‘ದಂಡ’ ಎಂದು ಪದಾರ್ಥಾನುಸಾರವಾಗಿ ವಿಭಾಗವಾಗುವುದೆಂದು ಎಣಿಸಿದ್ದೆ. ನೈಯಾಯಿಕರ ಬುದ್ಧಿ ಹಾಗೆ ಓಡುತ್ತದೆ. ಹೆಂಗಸರು ಕಟ್ಟಿದ ಗುಂಪುಗಳು ಬೇರೆ. ‘ಹೊಸ ಪುಸ್ತಕ ಬಂದಾಗ’, ‘ಯಾರಾದರೂ ಪುಸ್ತಕ ಕೇಳಿದಾಗ’, ‘ಹಿಂದಕ್ಕೆ ಬಾರದಾಗ’, ‘ತಪ್ಪಾಗಿ ಬರೆದಾಗ’. ನಾಲ್ಕೂ ಸತಿಸಪ್ತಮಿ! ಸಂಘದ ಬಾಗಿಲು ತೆರೆದಲ್ಲಿಂದ ಮುಚ್ಚುವವರೆಗೆ ನಡೆಯುವುದು ಅದೇ ಕ್ರಮದಲ್ಲಿ. ಪದಾರ್ಥಗಳ ವಿಭಾಗ ಆಕರಭಾಗಕ್ಕೆ ಇರಲಿ ಎಂದು ಇಟ್ಟುಕೊಂಡೆವು. ಭಾರತೀಯ ಗ್ರಂಥಾಲಯಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸುವ ವಿಷಯದ್ದು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದ ಅವರು ಈ ಜಗಲಿಯ ಚೀಟಿಗಳನ್ನು ಕಂಡಿದ್ದರೆ ಬೇಸರಪಡುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಅನಂತರ ಹೆಸರಿಡುವ ಪ್ರಶ್ನೆ. ಇದರಲ್ಲಿ ಕನ್ನಡಕ್ಕೆ ಒಂದು ಲಾಭ, ಒಂದು ನಷ್ಟ. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲು ಬರುತ್ತದೆ. ಆದುದರಿಂದ ಅವರ ಪಟ್ಟಿಯಲ್ಲಿ ಹತ್ತು ಸಾಲುಗಳು ಒಂದೇ ಮಾತಿನಿಂದ ಆರಂಭವಾಗಿ, ಬೇರೆಯಾದ ಮಾತು ಸಾಲಿನ ಕೊನೆಯಲ್ಲಿ ಅಡಗುತ್ತದೆ. ಕನ್ನಡದಲ್ಲಿ ‘ಪುಸ್ತಕ ಸೇರಿಸುವುದು’, ‘ಸದಸ್ಯರನ್ನು ಸೇರಿಸುವುದು’, ‘ಸಂಪುಟ ಸೇರಿಸುವುದು’ ಎಂದಾಗುವುದರಿಂದ ಎಡಗಡೆಯ ಅಂಚಿನಲ್ಲಿ ಇಳಿಯುವ ಕಣ್ಣಿಗೆ ಭೇದ ಕೂಡಲೇ ಸಿಕ್ಕುತ್ತದೆ. ಆದರೆ ನಮ್ಮ ಪದಗಳು ಉದ್ದ, ಪಟ್ಟಿ ಅಗಲದಲ್ಲಿ ಕಿರಿದು. ಜಾಗ ಸಾಲದಾಗ ಯಂತ್ರ ಉಳಿದುದನ್ನು ನುಂಗಿ ಮೂರು ಚುಕ್ಕಿಗಳನ್ನು ಇಡುತ್ತದೆ. ಇಂಗ್ಲಿಷಿನಲ್ಲಿ ನುಂಗಿಹೋಗುವುದು ಕರ್ಮಪದ, ನಮ್ಮಲ್ಲಿ ಕ್ರಿಯಾಪದವೇ. ‘ಸದಸ್ಯರ ಹೆಸರನ್ನು ಪಟ್ಟಿಯಿಂದ…’ ಎಂದು ಒಂದು ಸಾಲು ನಿಂತಿತ್ತು. ತೆಗೆಯುವುದೋ, ಹುಡುಕುವುದೋ? ಗ್ರಂಥಪಾಲಕರು ಇದನ್ನು ಕೇಳಿ, “ಕ್ರಿಯಾಪದವಿಲ್ಲದ ಕನ್ನಡ ಎಂದರೆ ತೀರ್ಪು ಬರೆಯದೆ ಎದ್ದು ಹೋದ ನ್ಯಾಯಾಧೀಶ” ಎಂದರು. ಚುಕ್ಕಿಗಳನ್ನು ತೆಗೆಸಿ, ಸಾಲು ಉದ್ದವಾದರೆ ಎರಡನೆಯ ಸಾಲಿಗೆ ಮಡಿಸಿಕೊಳ್ಳುವಂತೆ ಮಾಡಿಸಿದೆ. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಕಾಯಿತು. ರೋಮನ್ ಅಕ್ಷರಕ್ಕೆ ಅಳೆದಿಟ್ಟ ಜಾಗದಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ‘ವಸ್ತು’ವಿನ ತಾವೊತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ.

ಒಂದು ವಿಭಾಗದಲ್ಲಿ ಏಳಕ್ಕಿಂತ ಹೆಚ್ಚು ಸಾಲುಗಳಿರಬಾರದೆಂದು ಹೇಳುವವರಿದ್ದಾರಂತೆ. ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞನ 1956ರ ಪ್ರಬಂಧ ಇದಕ್ಕೆ ಆಧಾರವೆನ್ನುತ್ತಾರೆ. ಆ ಪ್ರಬಂಧ ನಡೆದಿರುವುದು, ಆ ಕ್ಷಣದಲ್ಲಿ ಮನಸ್ಸು ಎಷ್ಟನ್ನು ಹಿಡಿದಿಡಬಲ್ಲುದು ಎಂಬುದರ ಸುತ್ತ. ಪಟ್ಟಿಯಾದರೋ ಕಣ್ಣೆದುರಿಗೇ ಇದೆ, ಹಿಡಿದಿಡಬೇಕಾದುದಿಲ್ಲ. ವೇದವನ್ನು ಬಾಯಿಗೆ ಬರಿಸುವವನಿಗೆ ಸಣ್ಣ ಸಣ್ಣ ಖಂಡಿಕೆಗಳು ಬೇಕು. ಅಂಗಡಿಯ ಹಲಗೆಯನ್ನು ಓದುವವನಿಗೆ ಬೇಡ. ನಮ್ಮ ಒಂದು ವಿಭಾಗದಲ್ಲಿ ಹನ್ನೊಂದು ಸಾಲುಗಳಿವೆ. ಆಳದಲ್ಲಿ ಮಾತ್ರ ನಾನು ಜಿಪುಣ. ಎರಡು ಹಂತ, ತೀರ ಬೇಕಾದರೆ ಮೂರು. ವಿಭಾಗವನ್ನು ಬಿಚ್ಚುವ ಬಾಣದ ಗುರುತು ಬೇರೆ, ಪುಟಕ್ಕೆ ಕರೆದೊಯ್ಯುವ ಹೆಸರು ಬೇರೆ. ಒಂದನ್ನು ಒತ್ತಿದರೆ ಇನ್ನೊಂದು ಅಲುಗಬಾರದು.

ಗ್ರಂಥಪಾಲಕರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅವರು ಈಗ ಗಣಕವನ್ನು ಕಿವಿಯಿಂದ ಓದುತ್ತಾರೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ, ಉಚ್ಚಾರ ಲೋಹದ್ದು. ಕಣ್ಣುಳ್ಳವನು ಬದಿಪಟ್ಟಿಯನ್ನು ದಾಟಿ ನೇರವಾಗಿ ಬರಹಕ್ಕೆ ಹೋಗುತ್ತಾನೆ. ಅವರಿಗೋ ಪ್ರತಿಯೊಂದು ಪುಟದಲ್ಲಿಯೂ ಮೊದಲು ಪಟ್ಟಿಯೆಲ್ಲ ಪಾರಾಯಣವಾಗಬೇಕು. ಬಾಗಿಲಿಗೆ ಬಂದ ಅತಿಥಿಯನ್ನು ನಿಲ್ಲಿಸಿ ಮನೆಯ ಸಾಮಾನುಗಳ ಯಾದಿಯನ್ನು ಓದಿದ ಹಾಗೆ. ಇದಕ್ಕೆ ಪರಿಹಾರ ಹಳೆಯದೇ. ಜಾಲತಾಣಗಳ ಸುಗಮತೆಗಾಗಿ 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ, ಪುಟಪುಟಕ್ಕೂ ಮರಳಿ ಬರುವ ಭಾಗವನ್ನು ದಾಟಿ ಹೋಗಲು ಉಪಾಯವಿರಬೇಕೆಂದು ವಿಧಿಸಿದ್ದಾರೆ. ಮೊದಲ ಸಾಲಿನಲ್ಲಿ ‘ಬರಹಕ್ಕೆ ಹೋಗಿ’ ಎಂಬ ಕೊಂಡಿ ಇಟ್ಟರೆ ಆಯಿತು. ಪಟ್ಟಿಯಲ್ಲಿ ಈಗಿನ ಪುಟದ ಸಾಲು ಬಂದಾಗ ‘ಈಗಿನ ಪುಟ’ ಎಂದು ಯಂತ್ರ ಬಾಯಿಬಿಟ್ಟು ಹೇಳುವಂತೆ ಗುಪ್ತವಾದ ಗುರುತನ್ನು ಹಾಕುವುದೂ ಸಾಧ್ಯ. ಎರಡನ್ನೂ ನನ್ನ ಸೊಸೆ ಒಂದು ಗಂಟೆಯಲ್ಲಿ ಮಾಡಿದಳು. ಅಂದು ಗ್ರಂಥಪಾಲಕರು ಕಿವಿಗೆ ಯಂತ್ರವಿಟ್ಟುಕೊಂಡು ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, “ಯಾರನ್ನೂ ಕೇಳದೆ ಬಂದೆ” ಎಂದರು. ಅವರು ಆ ಮಾತನ್ನು ಹೇಳಿದ ರೀತಿಯನ್ನು ನಾನು ಇಲ್ಲಿ ಬರೆಯಲಾರೆ.

ಮೊಬೈಲಿನಲ್ಲಿ ಪಟ್ಟಿಗೆ ಸ್ಥಳವೇ ಇಲ್ಲ. ಮೇಲುಗಡೆಯ ಮೂಲೆಯಲ್ಲಿ ಮೂರು ಅಡ್ಡಗೆರೆಗಳ ಗುರುತೊಂದನ್ನು ಇಟ್ಟು ಅದರ ಹಿಂದೆ ಪಟ್ಟಿಯನ್ನು ಮಡಿಸಿಡುತ್ತಾರೆ. 1981ರ ಜೆರಾಕ್ಸ್ ಸ್ಟಾರ್ ಎಂಬ ಗಣಕಕ್ಕಾಗಿ ನಾರ್ಮ್ ಕಾಕ್ಸ್ ರಚಿಸಿದ ಗುರುತು ಅದು. ನಮ್ಮ ಹೆಂಗಸರು ಅದನ್ನು ವಿಭೂತಿಪಟ್ಟೆ ಎಂದು ಕರೆದರು, ಒತ್ತಿ ನೋಡಲಿಲ್ಲ. ಪಕ್ಕದಲ್ಲಿ ‘ಪರಿವಿಡಿ’ ಎಂದು ಬರೆಸಿದ ಮೇಲೆ ಒತ್ತಿದರು.

ದೊಡ್ಡವರೂ ಈ ಕೆಲಸದಲ್ಲಿ ಸುಲಭವಾಗಿ ಪಾರಾಗಿಲ್ಲ. ವಿಕಿಪೀಡಿಯದ ವೆಕ್ಟರ್ ಎಂಬ ಮುಖವಿನ್ಯಾಸ 2010ರಲ್ಲಿ ಬಂದಿತು. ಅದರಲ್ಲಿ ಲೇಖನದ ಪರಿವಿಡಿ ಲೇಖನದ ಮೈಯೊಳಗೇ ಇದ್ದು, ಓದುತ್ತ ಇಳಿದಂತೆ ಮೇಲೆ ಸರಿದು ಮರೆಯಾಗುತ್ತಿತ್ತು. ವೆಕ್ಟರ್ 2022 ಎಂಬ ಹೊಸ ರೂಪದಲ್ಲಿ ಪರಿವಿಡಿ ಎಡಬದಿಗೆ ಬಂದು ಓದುಗನ ಜೊತೆಯಲ್ಲೇ ನಿಲ್ಲುತ್ತದೆ. ಓದುತ್ತಿರುವ ಭಾಗದ ಹೆಸರು ದಪ್ಪಗಾಗುತ್ತದೆ. 2023ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಈ ರೂಪಕ್ಕೆ ಬದಲಾದಾಗ ಹಳೆಯ ಸಂಪಾದಕರಲ್ಲಿ ಅನೇಕರು ಪ್ರತಿಭಟಿಸಿದರು. ತೆರೆಯ ಮೇಲೆ ಬಿಳಿಯ ಜಾಗ ವ್ಯರ್ಥವಾಯಿತೆಂಬುದು ಅವರ ದೊಡ್ಡ ದೂರು. ನನ್ನ ಮಟ್ಟಿಗೆ ಪರಿವಿಡಿ ಜೊತೆಯಲ್ಲಿ ಬರುವುದು ಉಪಕಾರ. ಇತರ ಭಾಷೆಗಳ ಪಟ್ಟಿಯನ್ನು ಬದಿಯಿಂದ ಎತ್ತಿ ಮೇಲೆ ಒಂದು ಗುಂಡಿಯೊಳಗೆ ಇಟ್ಟುದು ಅಷ್ಟು ಸಮ್ಮತವಲ್ಲ. ಇಂಗ್ಲಿಷ್ ಲೇಖನ ಓದುವಾಗ ಬದಿಯಲ್ಲಿ ‘ಕನ್ನಡ’ ಎಂಬ ಮೂರು ಅಕ್ಷರಗಳು ಕಂಡರೆ, ಇದು ನಮ್ಮಲ್ಲಿಯೂ ಉಂಟು ಎಂದು ಹುಡುಗರಿಗೆ ಕೇಳದೆ ತಿಳಿಯುತ್ತಿತ್ತು. ಗುಂಡಿಯನ್ನು ಒತ್ತುವವನು ಮೊದಲೇ ಕನ್ನಡವನ್ನು ಹುಡುಕುತ್ತಿರುವವನು.

ಕಾರ್ತಿಕಮಾಸದ ಒಂದು ದಿನ ನಾನು ಆ ಶಿಷ್ಯೆಯ ಮನೆಗೆ ಹೋದೆ. ಕೆಲಸಕ್ಕೆ ಕರೆಯಲಿಲ್ಲ. ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಹತ್ತು ಪ್ರಶ್ನೆಗಳಿದ್ದವು. “ಪುಸ್ತಕ ಹರಿದಿದೆ, ಎಲ್ಲಿ ನೋಡುತ್ತೀಯೆ?” “ಓದುಗರೊಬ್ಬರು ಊರು ಬಿಟ್ಟರು, ಎಲ್ಲಿ?” ಹೀಗೆ. ಆಕೆ ಬೆರಳಿಟ್ಟ ಕಡೆ ಒಳಪಟ್ಟಿಯನ್ನು ತೆರೆದು ತೋರಿಸುವುದು, ಸರಿಯೋ ತಪ್ಪೋ ಹೇಳದೆ ಗುರುತು ಹಾಕಿಕೊಳ್ಳುವುದು. ಒಂಬತ್ತನೆಯ ಪ್ರಶ್ನೆ, “ಹನ್ನೆರಡು ಸಂಪುಟಗಳಿಗೆ ಸಂಪಾದಕರ ಹೆಸರು ಗ್ರಂಥಕರ್ತರ ಜಾಗದಲ್ಲಿ ಬಿದ್ದಿದೆ.” ಆಕೆ ನನ್ನ ಮುಖ ನೋಡಿದಳು. ಬೆರಳು ‘ತಪ್ಪಾಗಿ ಬರೆದಾಗ’ ಎಂಬುದರ ಮೇಲೆ ಹೋಯಿತು. ಒಳಗೆ ‘ಹಲವು ಪುಸ್ತಕಗಳಲ್ಲಿ ಒಟ್ಟಿಗೆ ತಿದ್ದುವುದು’ ಎಂಬುದರ ಮೇಲೆ ನಿಂತಿತು. “ಇಷ್ಟೇನೆ ಮೇಷ್ಟ್ರೇ?” ಎಂದಳು. ಇಷ್ಟೇ ಎಂದೆ. ಒಳಗಿನಿಂದ ಕಾಫಿ ಬಂದಿತು. ಹತ್ತನೆಯ ಪ್ರಶ್ನೆಗೆ ಆಕೆ ಬೆರಳಿಟ್ಟ ಕಡೆ ಪುಟ ಇರಲಿಲ್ಲ. ಇಬ್ಬರು ಬೇರೆಯವರೂ ಅಲ್ಲಿಯೇ ಹುಡುಕಿದ್ದರು. ಮರುದಿನ ಆ ಪುಟವನ್ನು ಅಲ್ಲಿಗೆ ಸಾಗಿಸಲಾಯಿತು.

ಈಗ ಭಾನುವಾರಗಳಂದು ಏಳು ಮಂದಿ ಬರುತ್ತಾರೆ, ಆಕೆಯೂ ಸೇರಿ. ನಾಲ್ಕನೆಯ ಕಪಾಟಿನಲ್ಲಿದ್ದೇವೆ. ಹೋದ ವಾರ ಒಂದೇ ರಟ್ಟಿನೊಳಗೆ ಮೂರು ಬೇರೆಬೇರೆ ಪುಸ್ತಕಗಳನ್ನು ಹೊಲಿದ ಸಂಪುಟವೊಂದು ಸಿಕ್ಕಿತು. ಇಂಥವು ನಮ್ಮಲ್ಲಿ ಅನೇಕ ಇವೆ. ಇದನ್ನು ದಾಖಲಿಸುವ ಕ್ರಮದ ಪುಟ ಎಲ್ಲಿರಬೇಕು? ಕೆಲವರು ‘ಹೊಸ ಪುಸ್ತಕ ಬಂದಾಗ’ ಎಂಬಲ್ಲಿ ಹುಡುಕಿದರು, ಕೆಲವರು ‘ತಪ್ಪಾಗಿ ಬರೆದಾಗ’ ಎಂಬಲ್ಲಿ. ಎರಡು ಕಡೆಯಲ್ಲಿಯೂ ಹೆಸರನ್ನು ಹಾಕಿಬಿಡು, ದಾರಿ ಎರಡಿದ್ದರೆ ನಷ್ಟವೇನು ಎಂದು ನಾನು ಸೊಸೆಗೆ ದೂರವಾಣಿಯಲ್ಲಿ ಹೇಳಿದೆ. “ಆ ಪುಟದಲ್ಲಿ ಇರುವಾಗ ಪಟ್ಟಿಯಲ್ಲಿ ಯಾವ ಸಾಲನ್ನು ದಪ್ಪ ಮಾಡಲಿ, ಮಾವ?” ಎಂದು ಕೇಳಿದಳು. ಬಂದ ದಾರಿಯದನ್ನು ಎಂದೆ. ಗೂಗಲ್ಲಿನಿಂದ ಬಂದವರಿಗೆ ದಾರಿಯೇ ಇಲ್ಲವಲ್ಲ ಎಂದಳು. ಗ್ರಂಥಪಾಲಕರು ಸಂಪುಟವನ್ನು ಬಿಚ್ಚಿ ಮೂರು ಮಾಡಿಬಿಡಿ ಎನ್ನುತ್ತಿದ್ದಾರೆ. ಪುಸ್ತಕ ಅವರ ತೊಡೆಯ ಮೇಲೆಯೇ ಇದೆ.